ಮುಲುಂಡ್‌ನಲ್ಲಿ ಮನೆ ಕೊಳ್ಳುವಾಗ ನಾವು ನಮ್ಮದೇ ವಕೀಲರನ್ನು ನೇಮಿಸಿಕೊಂಡ ಬಗೆ

ಮುಂಬೈ ಕನ್ನಡಿಗರಲ್ಲಿ ಮನೆ ಮಾರಾಟದ ಸುದ್ದಿ ಹೆಚ್ಚಾಗಿ ಬಾಯಿಂದ ಬಾಯಿಗೆ ಹರಡುತ್ತದೆ. ಸಂಘದ ಕಾರ್ಯಕ್ರಮದಲ್ಲೋ ಊರಿನವರ ಮದುವೆಯಲ್ಲೋ ಯಾರಾದರೊಬ್ಬರು ತಮ್ಮ ಫ್ಲ್ಯಾಟ್ ಮಾರುವ ಮಾತೆತ್ತುತ್ತಾರೆ, ಅಲ್ಲಿಂದ ವ್ಯವಹಾರ ಶುರುವಾಗುತ್ತದೆ. 2025ರಲ್ಲಿ ನಾವು ಮುಲುಂಡ್ ಪೂರ್ವದಲ್ಲಿ ಕೊಂಡ ಹಳೆಯ ಫ್ಲ್ಯಾಟ್ ಕೂಡ ಹಾಗೆಯೇ ಒದಗಿದ್ದು. ಮಾರುವವರು ನಮ್ಮ ಜಿಲ್ಲೆಯವರೇ ಆಗಿದ್ದರಿಂದ, ‘ನಮ್ಮವರೇ ಅಲ್ಲವೇ, ಇದಕ್ಕೆ ವಕೀಲರೇಕೆ?’ ಎಂದು ಎರಡೂ ಕಡೆಯ ಹಿರಿಯರು ಕೇಳಿದರು. ನಮ್ಮವರಾದ್ದರಿಂದಲೇ ವಕೀಲರು ಬೇಕು ಎಂಬುದು ನನ್ನ ಮತ್ತು ನನ್ನ ಹೆಂಡತಿಯ ನಿಲುವಾಗಿತ್ತು. ಪರಿಚಯದವರಲ್ಲಿ ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನು ವಕೀಲರು ಕೇಳಬಲ್ಲರು. ಅವರು ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ.

ಮನೆ ವ್ಯವಹಾರದಲ್ಲಿ ವಕೀಲರಿಗೇನೂ ಕೊರತೆಯಿರುವುದಿಲ್ಲ. ಏಜೆಂಟರ ಪರಿಚಯದವರೊಬ್ಬರು ಕರಾರುಪತ್ರ ಬರೆದು ನೋಂದಣಿ ಮಾಡಿಸಿಕೊಡುತ್ತಾರೆ. ಸಾಲ ಕೊಡುವ ಬ್ಯಾಂಕಿನ ವಕೀಲರು ದಾಖಲೆಗಳನ್ನು ಪರಿಶೀಲಿಸುತ್ತಾರೆ. ಆದರೆ ಮೊದಲನೆಯವರಿಗೆ ವ್ಯವಹಾರ ಮುಗಿಯುವುದು ಮುಖ್ಯ. ಎರಡನೆಯವರು ನೋಡುವುದು ಬ್ಯಾಂಕಿನ ಹಿತವನ್ನು. ಅವರ ವರದಿ ಬ್ಯಾಂಕಿಗೆ ಸೇರಿದ್ದು, ಸಾಮಾನ್ಯವಾಗಿ ಅದು ಕೊಳ್ಳುವವನ ಕೈಗೂ ಬರುವುದಿಲ್ಲ. ಕೊಳ್ಳುವವನ ಹಿತವನ್ನಷ್ಟೇ ನೋಡುವ ವಕೀಲರನ್ನು ಕೊಳ್ಳುವವನೇ ಹುಡುಕಿಕೊಳ್ಳಬೇಕು.

ವಕೀಲರು ಜಾಹೀರಾತು ನೀಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಹಾಗಾಗಿ ಇತ್ತೀಚೆಗೆ ಮನೆ ಕೊಂಡ ಪರಿಚಿತರನ್ನೂ ನಮ್ಮ ಲೆಕ್ಕಪರಿಶೋಧಕರನ್ನೂ ವಿಚಾರಿಸಿದೆವು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿದವರು ನಮಗೆ ಬೇಕಿರಲಿಲ್ಲ. ಸಬ್-ರಿಜಿಸ್ಟ್ರಾರ್ ಕಚೇರಿ, ಹೌಸಿಂಗ್ ಸೊಸೈಟಿ, ಪಾಲಿಕೆಯ ಕಡತ ಇವುಗಳಲ್ಲೇ ದಿನವಿಡೀ ಕೆಲಸ ಮಾಡುವವರು ಬೇಕಿತ್ತು. ಕೊನೆಗೆ ಒಪ್ಪಿಕೊಂಡ ಮಹಿಳಾ ವಕೀಲರು, ಹಳೆಯ ಕಕ್ಷಿದಾರರೊಬ್ಬರ ಹೆಸರು ಮುಚ್ಚಿದ ಸರ್ಚ್ ರಿಪೋರ್ಟನ್ನು, ಅಂದರೆ ಆಸ್ತಿಯ ಹಳೆಯ ದಾಖಲೆಗಳನ್ನು ಹುಡುಕಿ ನೋಡಿದ ವರದಿಯನ್ನು, ಮುಂದಿಟ್ಟು, ತಾವು ಏನನ್ನು ಪರಿಶೀಲಿಸುತ್ತೇವೆ, ಏನನ್ನು ಪರಿಶೀಲಿಸಲಾಗುವುದಿಲ್ಲ ಎಂದು ವಿವರಿಸಿದರು. ಆ ಎರಡನೆಯ ಮಾತೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿಸಿತು. ಶುಲ್ಕವನ್ನು ಮನೆಯ ಬೆಲೆಯ ಶೇಕಡಾವಾರಿನಲ್ಲಿ ಕೇಳದೆ ಇಡಿಯಾಗಿ ಒಂದು ಮೊತ್ತ ಹೇಳಿದರು. ಅದನ್ನು ಸರ್ಚ್ ಮುಗಿದಾಗ, ಕರಾರು ಸಿದ್ಧವಾದಾಗ ಮತ್ತು ನೋಂದಣಿಯಾದಾಗ ಕೊಡುವುದೆಂದೂ, ಪತ್ರಿಕಾ ಪ್ರಕಟಣೆಯ ಖರ್ಚು ಪ್ರತ್ಯೇಕವೆಂದೂ ಬರವಣಿಗೆಯಲ್ಲೇ ತೀರ್ಮಾನವಾಯಿತು.

ಟೋಕನ್ ಹಣ ಕೊಟ್ಟದ್ದು ಇದಾದ ಮೇಲೆಯೇ. ರಸೀದಿಯನ್ನು ವಕೀಲರೇ ಬರೆದು, ಹಕ್ಕಿನಲ್ಲಿ ದೋಷ ಕಂಡುಬಂದರೆ ಟೋಕನ್ ಪೂರ್ತಿಯಾಗಿ ಹಿಂತಿರುಗಿಸಬೇಕೆಂಬ ಸಾಲನ್ನು ಸೇರಿಸಿದರು.

ದಾಖಲೆಗಳ ಸರಣಿ 1983ರಲ್ಲಿ ಬಿಲ್ಡರ್ ಮೊದಲ ಖರೀದಿದಾರರಿಗೆ ಬರೆದುಕೊಟ್ಟ ಕರಾರಿನಿಂದ ಆರಂಭವಾಗುತ್ತಿತ್ತು. ಅದು ಐದು ರೂಪಾಯಿಯ ಛಾಪಾ ಕಾಗದದ ಮೇಲಿದ್ದುದನ್ನು ಕಂಡು ನಾವು ಗಾಬರಿಯಾದೆವು. ಫ್ಲ್ಯಾಟ್ ಮಾರಾಟದ ಕರಾರಿನ ಮೇಲೆ ಖರೀದಿಪತ್ರಕ್ಕೆ ಸಮನಾದ ಮುದ್ರಾಂಕ ಶುಲ್ಕ ಬಂದದ್ದು 1985ರ ಡಿಸೆಂಬರ್ 10ರ ತಿದ್ದುಪಡಿಯಿಂದ, ಆದ್ದರಿಂದ ಅದಕ್ಕೂ ಹಿಂದಿನ ಈ ಕಾಗದದ ಛಾಪಾ ಬಗ್ಗೆ ಚಿಂತೆ ಬೇಡ ಎಂದು ವಕೀಲರು ತಿಳಿಸಿದರು. ಮಾರುವವರ ತಾಯಿ ಕೊಂಡಾಗಿನ 1996ರ ಪತ್ರಕ್ಕೆ ಶುಲ್ಕವೂ ನೋಂದಣಿಯೂ ಸರಿಯಾಗಿತ್ತು. ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷಗಳ ಇಂಡೆಕ್ಸ್ 2, ಅಂದರೆ ನೋಂದಣಿಯಾದ ಪತ್ರಗಳ ಸೂಚಿಯ, ನಮೂದುಗಳನ್ನು ನೋಡಿಸಿದ ವರದಿಯಲ್ಲಿ, ಕೆಲವು ವರ್ಷಗಳ ಎದುರು ‘ಪುಟಗಳು ಹರಿದಿವೆ’ ಎಂಬ ಷರಾ ಇತ್ತು. ಹಳೆಯ ಪುಸ್ತಕಗಳ ಸ್ಥಿತಿ ಹೀಗಿರುವುದರಿಂದಲೇ ಒಂದು ಮರಾಠಿ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಹದಿನಾಲ್ಕು ದಿನಗಳ ಸಾರ್ವಜನಿಕ ಪ್ರಕಟಣೆ ಕೊಡಬೇಕೆಂದು ಅವರು ಪಟ್ಟು ಹಿಡಿದರು. ಯಾವ ತಕರಾರೂ ಬರಲಿಲ್ಲ.

ಮುಖ್ಯ ವಿಷಯ ಹೊರಬಿದ್ದದ್ದು ಬೇರೊಂದು ಕಡೆಯಿಂದ. ತಾಯಿ ತೀರಿಕೊಂಡ ಮೇಲೆ ಸೊಸೈಟಿಯು ನಾಮಿನಿಯಾಗಿದ್ದ ಮಗನ ಹೆಸರನ್ನು ಶೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ದಾಖಲಿಸಿತ್ತು. ಏಜೆಂಟರಿಗೂ ಬ್ಯಾಂಕಿನವರಿಗೂ ಅಷ್ಟೇ ಸಾಕಾಗಿತ್ತು. ನಮ್ಮ ವಕೀಲರು ಮಾತ್ರ ಕುಟುಂಬದ ಹಳೆಯ ರೇಷನ್ ಕಾರ್ಡ್ ತರಿಸಿದರು. ಅಂಚು ಸವೆದಿದ್ದ ಆ ಕಾರ್ಡಿನಲ್ಲಿ ತಾಯಿಯ ಹೆಸರಿನ ಕೆಳಗೆ ಮಗನ ಹೆಸರಿಗಿಂತ ಮೇಲೆ ಒಬ್ಬ ಮಗಳ ಹೆಸರಿತ್ತು, ಮದುವೆಯ ನಂತರ ಅದರ ಮೇಲೆ ಒಂದು ಗೆರೆ ಎಳೆದಿದ್ದರು. ಅಕ್ಕ ಮಂಗಳೂರಿನಲ್ಲಿದ್ದಾರೆ, ಮದುವೆಯ ಹೊತ್ತಿಗೆ ಅವರಿಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟಾಗಿದೆ ಎಂದು ಮಾರುವವರು ನಿಜವಾಗಿಯೂ ನಂಬಿಕೊಂಡೇ ಹೇಳಿದರು. ನಾಮಿನಿ ಎಂದರೆ ಸೊಸೈಟಿಯು ಯಾರೊಡನೆ ವ್ಯವಹರಿಸಬೇಕೆಂದು ತಿಳಿಸುವ ಹೆಸರೇ ಹೊರತು ಅದರಿಂದ ಉಳಿದ ವಾರಸುದಾರರ ಹಕ್ಕು ಹೋಗುವುದಿಲ್ಲ. ಉಯಿಲು ಇಲ್ಲದಿರುವಾಗ ತಾಯಿಯ ಆಸ್ತಿಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಪಾಲು ಎಂದು ವಕೀಲರು ಅವರಿಗೂ ನಮಗೂ ಒಟ್ಟಿಗೆ ಕೂರಿಸಿ ವಿವರಿಸಿದರು.

ಅಕ್ಕ ಹಕ್ಕುಬಿಡುಗಡೆ ಪತ್ರ ಬರೆದುಕೊಡಬಹುದಿತ್ತು, ಇಲ್ಲವೇ ತಮ್ಮನ ಜೊತೆ ತಾವೂ ಮಾರಾಟಗಾರರಾಗಬಹುದಿತ್ತು. ತಮ್ಮನ ಹಾಜರಿಯಿಲ್ಲದೆ ಅಕ್ಕನ ಮನಸ್ಸೇನೆಂದು ಕೇಳಬೇಕೆಂದು ವಕೀಲರು ನೇರವಾಗಿ ಅವರಿಗೇ ಫೋನ್ ಮಾಡಿದರು. ವಕೀಲರಿಗೆ ಕನ್ನಡ ಬಾರದ ಕಾರಣ ನನ್ನ ಹೆಂಡತಿ ಮಾತು ದಾಟಿಸಿದಳು. ತಾಯಿಯ ಮನೆಯಲ್ಲಿ ತನ್ನ ಪಾಲು ಬೇಕೆಂದು ಆ ಹಿರಿಯರು ಸಂಕೋಚದಿಂದಲಾದರೂ ಸ್ಪಷ್ಟವಾಗಿ ಹೇಳಿದರು. ತಮ್ಮನಿಗೆ ಮೊದಲು ಕಷ್ಟವೆನಿಸಿದರೂ ಕೊನೆಗೆ ಒಪ್ಪಿದರು. ಕರಾರನ್ನು ಇಬ್ಬರು ಮಾರಾಟಗಾರರ ಹೆಸರಿನಲ್ಲಿ ಹೊಸದಾಗಿ ಬರೆಯಲಾಯಿತು, ಹಣವೂ ಇಬ್ಬರ ಖಾತೆಗೆ ಬೇರೆಬೇರೆಯಾಗಿ ಹೋಗುವಂತೆ ಏರ್ಪಾಡಾಯಿತು. ನೋಂದಣಿಗೆ ಅಕ್ಕ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಠಾಣೆಗೆ ಬಂದಿಳಿದರು. ಇಂಗ್ಲಿಷ್ ಕರಾರಿನ ಪ್ರತಿಯೊಂದು ಷರತ್ತನ್ನೂ ಅವರಿಗೆ ಕನ್ನಡದಲ್ಲಿ ಓದಿ ಹೇಳಲಾಯಿತು, ಹಾಗೆ ಹೇಳಿದ್ದೇವೆಂಬ ಮಾತನ್ನೂ ಕರಾರಿನಲ್ಲೇ ಸೇರಿಸಿ ಸಹಿ ಪಡೆಯಲಾಯಿತು. ಈ ಒಂದು ಕೆಲಸಕ್ಕಾಗಿಯಾದರೂ ನಾವು ಕೊಟ್ಟ ಶುಲ್ಕ ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ. ಇಲ್ಲದಿದ್ದರೆ ಒಬ್ಬ ಹೆಣ್ಣುಮಗಳ ಪಾಲಿನ ಮೇಲೆ ನಾವು ಅರಿಯದೆಯೇ ಮನೆ ಮಾಡಿಕೊಂಡಿರುತ್ತಿದ್ದೆವು.

ಕಟ್ಟಡದ ಕಾಗದಗಳಲ್ಲಿ ಅವರು ಒತ್ತಿ ನೋಡಿದ್ದು ಎರಡನ್ನು. ವಾಸಯೋಗ್ಯ ಪ್ರಮಾಣಪತ್ರದ, ಅಂದರೆ ಒಸಿಯ, ಜೆರಾಕ್ಸ್ ಪ್ರತಿಯನ್ನು ನಂಬದೆ ಪಾಲಿಕೆಯ ಕಡತದೊಂದಿಗೆ ಹೋಲಿಸಿ ನೋಡಿದರು. ಕಲ್ಯಾಣ್-ಡೊಂಬಿವಲಿಯಲ್ಲಿ ಪಾಲಿಕೆಯ ನಕಲಿ ಅನುಮತಿಪತ್ರಗಳನ್ನು ತೋರಿಸಿ ಮಹಾರೇರಾದಲ್ಲಿ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿತ್ತು. ಆ ಭಾಗದಲ್ಲಿ ನೆಲೆಸಿರುವ ಕನ್ನಡಿಗರು ಬಹಳ, ಹಾಗಾಗಿ ಆ ಸುದ್ದಿ ನಮ್ಮನ್ನು ಆಳವಾಗಿ ಕಾಡಿತ್ತು. ಇನ್ನೊಂದು, ಕಟ್ಟಡದಡಿಯ ಜಮೀನು ಯಾರ ಹೆಸರಿನಲ್ಲಿದೆ ಎಂಬುದು. ಬಿಲ್ಡರ್ ಜಮೀನನ್ನು ಸೊಸೈಟಿಗೆ ವರ್ಗಾಯಿಸದಿದ್ದರೆ ಡೀಮ್ಡ್ ಕನ್ವೇಯನ್ಸ್, ಅಂದರೆ ಬಿಲ್ಡರ್ ಸಹಿಯಿಲ್ಲದೆಯೇ ಜಮೀನಿನ ವರ್ಗಾವಣೆ, ಪಡೆಯುವ ಅವಕಾಶವನ್ನು 1963ರ ಫ್ಲ್ಯಾಟ್ ಮಾಲೀಕತ್ವ ಕಾಯ್ದೆಗೆ 2008ರಲ್ಲಿ ಸೇರಿಸಲಾಯಿತು. ಮುಂದೆ ಮರುನಿರ್ಮಾಣದ ಮಾತು ಬಂದಾಗ ಎಲ್ಲವೂ ನಿಂತಿರುವುದು ಇದರ ಮೇಲೆಯೇ. ನಮ್ಮ ಕಟ್ಟಡದ ಪ್ರಾಪರ್ಟಿ ಕಾರ್ಡಿನಲ್ಲಿ, ಅಂದರೆ ಜಮೀನಿನ ಸರ್ಕಾರಿ ದಾಖಲೆಯಲ್ಲಿ, ಸೊಸೈಟಿಯ ಹೆಸರೇ ಇತ್ತು.

ಉಳಿದದ್ದು ಸುಲಭವಾಗಿ ನಡೆಯಿತು. ಮುದ್ರಾಂಕ ಶುಲ್ಕ ಶೇಕಡಾ 6, ನೋಂದಣಿ ಶುಲ್ಕ 30,000 ರೂಪಾಯಿ. ಮನೆಯನ್ನು ಹೆಂಗಸರ ಹೆಸರಿನಲ್ಲಷ್ಟೇ ಕೊಂಡರೆ ಮುದ್ರಾಂಕದಲ್ಲಿ ಶೇಕಡಾ 1ರ ರಿಯಾಯಿತಿ ಸಿಗುತ್ತದೆ. ಸಾಲಕ್ಕಾಗಿ ನಾವು ಜಂಟಿ ಹೆಸರಿನಲ್ಲಿ ಕೊಂಡದ್ದರಿಂದ ಅದು ನಮಗೆ ಸಿಗಲಿಲ್ಲ. ಬೆಲೆ 50 ಲಕ್ಷಕ್ಕೆ ಮೇಲ್ಪಟ್ಟಿದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1ನ್ನು ಟಿಡಿಎಸ್, ಅಂದರೆ ಆದಾಯ ತೆರಿಗೆ, ಎಂದು ನಾವೇ ಕಡಿತ ಮಾಡಿ ಕಟ್ಟಬೇಕಿತ್ತು. ಕೊಳ್ಳುವವರಿಬ್ಬರು, ಮಾರುವವರಿಬ್ಬರು, ಆದ್ದರಿಂದ ಅದನ್ನು ಕಟ್ಟುವ 26ಕ್ಯೂಬಿ ನಮೂನೆಗಳು ನಾಲ್ಕಾದವು. ಇದನ್ನು ವಕೀಲರೂ ಲೆಕ್ಕಪರಿಶೋಧಕರೂ ಮಾತಾಡಿಕೊಂಡು ಮಾಡಿಸಿದರು.

ಕೊನೆಯದಾಗಿ ಸೊಸೈಟಿಯ ಸಮಿತಿಯು ವರ್ಗಾವಣೆಯ ಪ್ರೀಮಿಯಂ, ಅಂದರೆ ಫ್ಲ್ಯಾಟನ್ನು ಹೊಸಬರ ಹೆಸರಿಗೆ ಮಾಡಲು ಸೊಸೈಟಿ ಪಡೆಯುವ ಹಣ, ಅಲ್ಲದೆ ದೊಡ್ಡದೊಂದು ದೇಣಿಗೆಯನ್ನೂ ಕೇಳಿತು. ಪ್ರೀಮಿಯಂಗೆ 25,000 ರೂಪಾಯಿಗಳ ಮಿತಿಯಿದೆ, ಅದನ್ನು ಮೀರಿ ದೇಣಿಗೆಯ ಹೆಸರಿನಲ್ಲಿ ವಸೂಲು ಮಾಡುವಂತಿಲ್ಲ ಎಂದು ವಕೀಲರು ಸೌಜನ್ಯದಿಂದಲೇ ಒಂದು ಪುಟದ ಪತ್ರ ಬರೆದುಕೊಟ್ಟರು. ಮುಂದಿನ ಸಭೆಯಲ್ಲಿ ಸಮಿತಿಯು ದೇಣಿಗೆಯ ಬೇಡಿಕೆಯನ್ನು ಕೈಬಿಟ್ಟು, ಶೇರ್ ಸರ್ಟಿಫಿಕೇಟಿನಲ್ಲಿ ನಮ್ಮಿಬ್ಬರ ಹೆಸರನ್ನೂ ದಾಖಲಿಸಿತು.