ಇಳಿಯುವುದಕ್ಕೆಂದೇ ಕಟ್ಟಿದ ರೇಸ್ ವಿಮಾನ

ರಿಮೋಟ್‌ನಿಂದ ಹಾರಿಸುವ ರೇಸ್ ವಿಮಾನದ ಮಾದರಿ ಕಟ್ಟುತ್ತಿದ್ದೇನೆ ಎಂದರೆ ಎಲ್ಲರೂ ಮೊದಲು ಮೋಟಾರು ಯಾವುದು ಎಂದು ಕೇಳುತ್ತಾರೆ. ನಾನು ಮೊದಲು ಲೆಕ್ಕ ಹಾಕಿದ್ದು ಅದು ಎಷ್ಟು ನಿಧಾನವಾಗಿ ಹಾರಬಲ್ಲದು ಎಂಬುದನ್ನು. ಇಂದಿನ ಬ್ಯಾಟರಿಗಳಿಗೆ ವೇಗ ಕೊಡುವುದು ಕಷ್ಟವಲ್ಲ. ತುದಿಗೆ ಹೋಗುತ್ತ ಕಿರಿದಾಗುವ ಪುಟ್ಟ ರೆಕ್ಕೆಯ ವಿಮಾನವನ್ನು ಹುಲ್ಲಿನ ಮೇಲೆ ಮೆತ್ತಗೆ ಇಳಿಸುವುದು ಕಷ್ಟ.

ನಾನು ಆರಿಸಿಕೊಂಡದ್ದು 1930ರ ದಶಕದ ಬ್ರಿಟಿಷ್ ವಿಮಾನ ಪರ್ಸಿವಲ್ ಮ್ಯೂ ಗಲ್. ಅಲೆಕ್ಸ್ ಹೆನ್ಶಾ 1938ರ ಕಿಂಗ್ಸ್ ಕಪ್ ವಿಮಾನ ರೇಸ್ ಗೆದ್ದದ್ದು ಇದರಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಅವರು ಇಂಗ್ಲೆಂಡಿನ ಗ್ರೇವ್ಸೆಂಡ್‌ನಿಂದ ಕೇಪ್‌ಟೌನ್‌ಗೆ ಹೋಗಿ ಮರಳಲು ತೆಗೆದುಕೊಂಡ ಕಾಲ 4 ದಿನ, 10 ಗಂಟೆ, 16 ನಿಮಿಷ. ಮರದ ವಿಮಾನ, ಒಂದೇ ಎಂಜಿನ್, ಒಬ್ಬರೇ ಚಾಲಕ! ಆ ಹಾರಾಟದ ಬಗ್ಗೆ ಓದಿದ ಮೇಲೆ ಬೇರೆ ವಿಮಾನದ ಕಡೆ ಮನಸ್ಸು ಹೋಗಲಿಲ್ಲ. ಉದ್ದ ಮೂಗು, ಹಿಂದಕ್ಕೆ ಸರಿದ ಕಾಕ್‌ಪಿಟ್, ಮುಚ್ಚಳ ತೊಟ್ಟ ಚಕ್ರಗಳು: ನಿಂತಲ್ಲೇ ಓಡುತ್ತಿರುವಂತೆ ಕಾಣುವ ವಿಮಾನ ಅದು. ಮೂಲದ ರೆಕ್ಕೆಯ ಹರವು ಸುಮಾರು ಏಳೂವರೆ ಮೀಟರ್. ಆರನೆಯ ಒಂದು ಅಳತೆಯಲ್ಲಿ ಅದು ಸುಮಾರು 1.25 ಮೀಟರ್ ಆಗುತ್ತದೆ.

ವಿಮಾನವನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗದು. ನನ್ನ ಮಾದರಿಯ ರೆಕ್ಕೆ ಬುಡದಲ್ಲಿ 25 ಸೆಂ.ಮೀ. ಅಗಲ, ತುದಿಯಲ್ಲಿ 11 ಸೆಂ.ಮೀ. ಇಳಿಯುವ ವೇಗದಲ್ಲಿ ತುದಿಯ ರೆನಾಲ್ಡ್ಸ್ ಸಂಖ್ಯೆ (ವೇಗ ಮತ್ತು ರೆಕ್ಕೆಯಗಲ ಕಡಿಮೆಯಾದಂತೆ ಇಳಿಯುವ, ಗಾಳಿಯ ಹರಿವಿನ ಸ್ವಭಾವ ಹೇಳುವ ಅಳತೆ) ಸುಮಾರು 75,000ಕ್ಕೆ ಇಳಿಯುತ್ತದೆ. ಬುಡದಲ್ಲಿ ಅದು ಅದರ ಎರಡು ಪಟ್ಟಿಗಿಂತ ಹೆಚ್ಚು. ಸಂಖ್ಯೆ ಇಷ್ಟು ಕಡಿಮೆಯಾದಾಗ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಹಳ ಬೇಗ ಬಿಟ್ಟುಕೊಡುತ್ತದೆ. ಬುಡ ಇನ್ನೂ ಹೊರೆ ಹೊರುತ್ತಿರುವಾಗಲೇ ಒಂದು ತುದಿ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ವಿಮಾನ ಆ ಕಡೆಗೆ ಮಗುಚಿಕೊಳ್ಳುತ್ತದೆ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಹೀಗಾದರೆ ಉಳಿಸಿಕೊಳ್ಳಲು ಸಮಯವೇ ಇಲ್ಲ.

ಆದ್ದರಿಂದ ರೆಕ್ಕೆಗೆ, ತುದಿಯ ಮುಂಭಾಗ ಬುಡಕ್ಕಿಂತ ತುಸು ಕೆಳಗೆ ಬಾಗಿ ತುದಿ ತಡವಾಗಿ ಸ್ಟಾಲ್ ಆಗುವಂತೆ, 2.5 ಡಿಗ್ರಿ ತಿರುಚು, ಅಂದರೆ ವಾಶ್‌ಔಟ್ ಕೊಟ್ಟೆ. ಸಮತಟ್ಟಾದ ಹಲಗೆಯ ಮೇಲೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳನ್ನು ಜೋಡಿಸುವಾಗ ತುದಿಯ ಹಿಂಬದಿಯ ಅಂಚಿಗೆ 5 ಮಿ.ಮೀ. ಪಟ್ಟಿ ಇಟ್ಟು, ಅಲ್ಲಿಂದ ಬುಡದವರೆಗೆ ಸೊನ್ನೆಗೆ ಇಳಿಯುವಂತೆ ಆಧಾರಗಳನ್ನು ಕೊರೆದುಕೊಂಡೆ. 1.5 ಮಿ.ಮೀ. ಬಾಲ್ಸಾ (ಬಹಳ ಹಗುರವಾದ ಮರ) ಹಾಳೆಯನ್ನು ಮೇಲೆ ಕೆಳಗೆ ಅಂಟಿಸಿ, ಅಂಟು ಪೂರ್ತಿ ಒಣಗುವವರೆಗೆ ರೆಕ್ಕೆಯನ್ನು ಹಲಗೆಯಿಂದ ಎತ್ತಬಾರದು. ಒಮ್ಮೆ ಹಾಳೆ ಗಟ್ಟಿಯಾಗಿ ಕೂತಿತೆಂದರೆ ಆ ತಿರುಚು ಮತ್ತೆ ಬದಲಾಗುವುದಿಲ್ಲ. ಎಡ ಬಲಗಳ ತಿರುಚು ಒಂದೇ ಇರಬೇಕು. ಅರ್ಧ ಡಿಗ್ರಿ ವ್ಯತ್ಯಾಸವಿದ್ದರೂ ವಿಮಾನಕ್ಕೆ ಒಂದು ಕಡೆ ವಾಲುವ ಚಾಳಿ ಅಂಟಿಕೊಳ್ಳುತ್ತದೆ. ತುದಿಯ ಮುಂದಿನ ಅಂಚನ್ನೂ ಚೂಪು ಮಾಡದೆ ದುಂಡಗೆ ಉಜ್ಜಿದೆ. ಇದರಿಂದ ಗರಿಷ್ಠ ವೇಗದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೇವೆ, ನಿಜ. ನನಗೆ ಅದು ನ್ಯಾಯವಾದ ಬೆಲೆ.

ತೂಕದ ವಿಷಯದಲ್ಲಿ ನಾನು ನಿಷ್ಠುರ. ಬಾಲದಲ್ಲಿ ಸೇರುವ ಪ್ರತಿ 10 ಗ್ರಾಂಗೆ ಮೂಗಿನಲ್ಲಿ ಅದರ ಎರಡು ಮೂರು ಪಟ್ಟು ಭಾರ ತುಂಬಬೇಕಾಗುತ್ತದೆ. ಹಾಗಾಗಿ ಬಾಲಕ್ಕೆ ಅತಿ ಹಗುರ ಬಾಲ್ಸಾವನ್ನು ಆರಿಸಿ, ಸರ್ವೊಗಳನ್ನು (ಫಲಕಗಳನ್ನು ಚಲಿಸುವ ಪುಟ್ಟ ಮೋಟಾರುಗಳನ್ನು) ರೆಕ್ಕೆಯ ಬಳಿಯೇ ಇಟ್ಟು, ತೆಳು ಕಾರ್ಬನ್ ಕಡ್ಡಿಗಳಿಂದ ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಮತ್ತು ಎಡಬಲಕ್ಕೆ ತಿರುಗಿಸುವ ರಡ್ಡರ್‌ಗೆ ಚಲನೆ ಒಯ್ದೆ. ಮೈಗೆ ಚದರ ಮೀಟರಿಗೆ 25 ಗ್ರಾಂ ತೂಗುವ ಗಾಜಿನ ನಾರಿನ ಬಟ್ಟೆ, ಅದರ ಮೇಲೆ ತೆಳುವಾಗಿ ಬಣ್ಣ. ಹೊಳಪಿನ ಆಸೆಗೆ ಪದರದ ಮೇಲೆ ಪದರ ಬಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬ್ಯಾಟರಿ ಸೇರಿ ಒಟ್ಟು ತೂಕ 1.4 ಕಿಲೊ. ಈ ತೂಕಕ್ಕೆ ಸ್ಟಾಲ್ ವೇಗ ಗಂಟೆಗೆ ಸುಮಾರು 36 ಕಿ.ಮೀ. ಬರುತ್ತದೆ.

ಇನ್ನು ಮೋಟಾರು: 1000 ಕೆ.ವಿ.ಯ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್, ನಾಲ್ಕು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ, 60 ಆಂಪಿಯರ್ ವೇಗ ನಿಯಂತ್ರಕ, 10 ಇಂಚಿನ, ಒಂದು ಸುತ್ತಿಗೆ ಲೆಕ್ಕದಲ್ಲಿ 8 ಇಂಚು ಮುಂದೆ ಸಾಗುವ, ಅಂದರೆ 8 ಇಂಚು ಪಿಚ್‌ನ ಪ್ರೊಪೆಲ್ಲರ್. ಬಿಸಿಗಾಳಿ ಹೊರಹೋಗುವ ದ್ವಾರವನ್ನು ಒಳಬರುವ ದ್ವಾರದ ಒಂದೂವರೆ ಪಟ್ಟು ದೊಡ್ಡದಾಗಿ ಕೊರೆದಿದ್ದೇನೆ. ಇದನ್ನು ಮರೆತರೆ ಸೊಗಸಾದ ಮೂಗಿನೊಳಗೆ ಎಲ್ಲವೂ ಬೇಯುತ್ತದೆ.

ಗುರುತ್ವಕೇಂದ್ರವನ್ನು ಮುಂದಿನ ಅಂಚಿನಿಂದ ಸರಾಸರಿ ರೆಕ್ಕೆಯಗಲದ 26 ಶೇಕಡಾದಲ್ಲಿ ಇಟ್ಟೆ. ಐಲರಾನ್‌ಗಳು (ರೆಕ್ಕೆಯ ಹಿಂಬದಿಯಲ್ಲಿದ್ದು ವಿಮಾನವನ್ನು ವಾಲಿಸುವ ಫಲಕಗಳು) ಕೆಳಕ್ಕಿಂತ ಮೇಲಕ್ಕೆ ಹೆಚ್ಚು ಚಲಿಸುತ್ತವೆ. ಇಳಿಯುವ ಸ್ವಿಚ್ ಒತ್ತಿದರೆ ಎರಡೂ ಐಲರಾನ್‌ಗಳು 3 ಮಿ.ಮೀ. ಮೇಲೇಳುತ್ತವೆ, ತುದಿಗಳಿಗೆ ಇನ್ನಷ್ಟು ವಾಶ್‌ಔಟ್ ಸಿಕ್ಕಂತಾಗುತ್ತದೆ. ಆಗ ಮೂಗು ಎತ್ತುವ ಪ್ರವೃತ್ತಿಯನ್ನು ತಡೆಯಲು ಎಲಿವೇಟರನ್ನು ತುಸು ಕೆಳಕ್ಕೆ ಬೆರೆಸಿದ್ದೇನೆ. ಈ ಹೊಂದಾಣಿಕೆಗಳನ್ನೆಲ್ಲ ಪ್ರೊಪೆಲ್ಲರ್ ಕಳಚಿಟ್ಟೇ ಮಾಡಬೇಕು.

ಮೇಲೇರುವಾಗ ಥ್ರಾಟಲನ್ನು (ಮೋಟಾರಿನ ಶಕ್ತಿಯನ್ನು) ನಿಧಾನವಾಗಿ ಕೊಡುತ್ತೇನೆ, ಬಲ ರಡ್ಡರ್ ಹಿಡಿದೇ ಇರುತ್ತೇನೆ. ಇಲ್ಲವಾದರೆ ಬಾಲಚಕ್ರದ ವಿಮಾನ ಎಡಕ್ಕೆ ಎಳೆಯುತ್ತದೆ. ಮೊದಲ ಹಾರಾಟದಲ್ಲಿ ವೇಗದ ಗೋಜಿಗೆ ಹೋಗದೆ ಎತ್ತರಕ್ಕೆ ಒಯ್ದು, ಥ್ರಾಟಲ್ ತೆಗೆದು, ಎಲಿವೇಟರ್ ಹಿಂದಕ್ಕೆ ಎಳೆಯುತ್ತ ಹೋದೆ. ಮೂಗು ನೇರವಾಗಿ ಕೆಳಗೆ ಬಾಗಿತು, ರೆಕ್ಕೆ ಮಗುಚಲಿಲ್ಲ. ಆ ಕ್ಷಣದ ಸಂತೋಷಕ್ಕೆ ಯಾವ ವೇಗವೂ ಸಾಟಿಯಲ್ಲ. ಇಳಿಸುವಾಗ ಸ್ಟಾಲ್ ವೇಗದ 1.3 ಪಟ್ಟು ವೇಗದಲ್ಲಿ ಬರುತ್ತೇನೆ. ಮೈದಾನದ ಅಂಚು ದಾಟುವವರೆಗೆ ಸ್ವಲ್ಪ ಥ್ರಾಟಲ್ ಉಳಿಸಿಕೊಳ್ಳುತ್ತೇನೆ. ದೂರ ಸಾಲದಿದ್ದರೆ ಮೂಗು ಎತ್ತಿ ಎಳೆಯದೆ ಥ್ರಾಟಲ್ ಸೇರಿಸುತ್ತೇನೆ.

ಗುರುತಿನ ಕಂಬಗಳನ್ನು ಸುತ್ತುವ ರೇಸಿನ ತಿರುವಿನಲ್ಲೂ ಇದೇ ರೆಕ್ಕೆ ಕಾಪಾಡುತ್ತದೆ. ಬಿಗಿಯಾದ ತಿರುವಿನಲ್ಲಿ ಹೊರೆ ನಾಲ್ಕು ಪಟ್ಟಾದರೆ ಸ್ಟಾಲ್ ವೇಗ ಇಮ್ಮಡಿಯಾಗಿ 72 ಕಿ.ಮೀ.ಗೆ ಏರುತ್ತದೆ. ಕಂಬ ಸುತ್ತುವಾಗ ವೇಗ ಇಳಿದು, ಎಲಿವೇಟರ್ ಅತಿಯಾಗಿ ಎಳೆದರೆ ತುದಿ ಬಿಟ್ಟುಕೊಡುವುದು ಅಲ್ಲಿಯೇ. ವೇಗದ ಹಾರಾಟಕ್ಕೆ ಎಲಿವೇಟರ್ ಚಲನೆಯನ್ನು ಎರಡೂ ಕಡೆಗೆ 6 ಮಿ.ಮೀ.ಗೆ ಮಿತಿಗೊಳಿಸಿದ್ದೇನೆ. ಅಷ್ಟರಲ್ಲಿ ಮ್ಯೂ ಗಲ್ ಕಂಬವನ್ನು ಒಂದೇ ಹದದಲ್ಲಿ, ಎತ್ತರ ಕಳೆದುಕೊಳ್ಳದೆ ಸುತ್ತಿ ಬರುತ್ತದೆ.