ಸೊನ್ನೆ ಇದ್ದ ಕಾಲಂ

ಮೊಬೈಲ್ ತರಂಗದಿಂದ ಇಲಿಗಳಿಗೆ ಕ್ಯಾನ್ಸರ್ ಬರುತ್ತಾ? ಇದರ ಬಗ್ಗೆ ನಡೆದ ಪ್ರಯೋಗಗಳನ್ನು ಪರಿಶೀಲಿಸಲು ಕೂತಾಗ ಮೊದಲು ತೆಗೆದದ್ದು ಅಮೆರಿಕ ಸರ್ಕಾರದ ವಿಷಪರೀಕ್ಷಾ ಸಂಸ್ಥೆಯಾದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂನ 2018ರ ವರದಿ. ಸಾರಾಂಶ ಓದಲಿಲ್ಲ. ಅದನ್ನು ಮೊದಲೇ ಓದಿದರೆ ಮನಸ್ಸು ಒಂದು ಕಡೆ ವಾಲಿಬಿಡುತ್ತದೆ. ನೇರವಾಗಿ ಕೋಷ್ಟಕಕ್ಕೆ ಹೋಗಿ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಂಕಿಗಳನ್ನು ಬರೆದುಕೊಂಡೆ.

ಗಂಡು ಇಲಿ, ಹೃದಯದ ಶ್ವಾನೋಮ, ಅಂದರೆ ನರದ ಹೊದಿಕೆಯ ಗೆಡ್ಡೆ. ಗುಂಪಿಗೆ 90 ಇಲಿ. ಮೊಬೈಲ್ ಸಿಗ್ನಲ್ ಎರಡು ಬಗೆ. ಜಿಎಸ್‌ಎಂ ಸಿಗ್ನಲ್‌ಗೆ ಗೆಡ್ಡೆ ಬಂದ ಇಲಿಗಳು 0, 2, 1, 5. ಸಿಡಿಎಂಎಗೆ 0, 2, 3, 6. ಮೊದಲ ಸೊನ್ನೆ ತರಂಗ ತಾಗದ ಕಂಟ್ರೋಲ್ ಗುಂಪಿನದು, ಉಳಿದ ಮೂರು ತರಂಗದ ಪ್ರಮಾಣ ಏರುತ್ತಾ ಹೋದ ಗುಂಪುಗಳದು. ಎರಡು ಸೊನ್ನೆ ಕೂಡಿಸಿ '180ರಲ್ಲಿ 0' ಅಂತ ಬರೆದೆ. ಮರುದಿನ ವಿಧಾನದ ಭಾಗ ಓದಿದಾಗ ತಪ್ಪು ಗೊತ್ತಾಯಿತು. ಎರಡೂ ಕಡೆ ಇದ್ದದ್ದು ಅದೇ 90 ಇಲಿಗಳು! ಹೊಡೆದು ಹಾಕಿ ಮತ್ತೆ ಬರೆದೆ.

ಅಲ್ಲಿಂದ ಆ ಸೊನ್ನೆಯ ಹಿಂದೆಯೇ ಬಿದ್ದೆ. 2 ವರ್ಷ ಮುಗಿಯುವಾಗ ಕಂಟ್ರೋಲ್ ಗಂಡುಗಳಲ್ಲಿ ಉಳಿದದ್ದು 28% ಮಾತ್ರ. ತರಂಗ ತಾಗಿದವು ಜಾಸ್ತಿ ದಿನ ಬದುಕಿದ್ದವು. ಗೆಡ್ಡೆ ಮುಪ್ಪಿನಲ್ಲಿ ಬರುವಂಥದ್ದಾದರೆ ಬೇಗ ಸತ್ತ ಇಲಿಯಲ್ಲಿ ಕಾಣುವುದಾದರೂ ಹೇಗೆ, ಅಲ್ವಾ? 2016ರ ಅವರದೇ ಆರಂಭಿಕ ವರದಿಯಲ್ಲಿ ಹಳೆಯ ಪ್ರಯೋಗಗಳ ಲೆಕ್ಕವೂ ಸಿಕ್ಕಿತು: 699 ಕಂಟ್ರೋಲ್ ಗಂಡುಗಳಲ್ಲಿ 9ಕ್ಕೆ ಈ ಗೆಡ್ಡೆ. ಅಂದರೆ 90ರಲ್ಲಿ ಸುಮಾರು ಒಂದು. ಸೊನ್ನೆ ಬಂದರೆ ಅಚ್ಚರಿಯೇನಿಲ್ಲ. ಆದರೆ 5, 6 ಅನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ.

ತರಂಗದ ಪ್ರಮಾಣಕ್ಕೆ ಬೇರೆ ಪುಟ ಇಟ್ಟೆ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದಲೇ ದಿನಕ್ಕೆ ಸುಮಾರು 9 ಗಂಟೆ, 10 ನಿಮಿಷ ಆನ್, 10 ನಿಮಿಷ ಆಫ್, ಇಡೀ ಮೈಗೆ, ಕೆಜಿಗೆ 6 ವ್ಯಾಟ್‌ವರೆಗೆ. ಭಾರತದಲ್ಲಿ ಫೋನಿನ ಮಿತಿ ಕೆಜಿಗೆ 1.6 ವ್ಯಾಟ್, ಅದೂ 1 ಗ್ರಾಂ ಅಂಗಾಂಶದ ಮೇಲಿನ ಸರಾಸರಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 'ನಾಲ್ಕು ಪಟ್ಟು ಅಷ್ಟೇ' ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ.

ಕೈ ತಡೆದದ್ದು ಇಟಲಿಯ ಬೊಲೋನ್ಯಾದ ರಾಮಾಜ್ಜಿನಿ ಸಂಸ್ಥೆಯ ಕೆಲಸ ಓದಿದಾಗ. 2448 ಇಲಿ, ದಿನಕ್ಕೆ 19 ಗಂಟೆ, ಟವರ್ ಹತ್ತಿರದಂಥ ತೀರ ಕಡಿಮೆ ತರಂಗ. ಮೀಟರಿಗೆ 50 ವೋಲ್ಟ್ ತೀವ್ರತೆಯ ತರಂಗ ತಾಗಿದ ಗಂಡುಗಳಲ್ಲಿ ಅದೇ ಹೃದಯ, ಅದೇ ಗೆಡ್ಡೆ: 207ರಲ್ಲಿ 3. ಕಂಟ್ರೋಲ್‌ನಲ್ಲಿ 412ಕ್ಕೆ ಸೊನ್ನೆ. ಅಂಕಿ ಚಿಕ್ಕದು, ನಿಜ. ಆದರೂ ಬೇರೆ ದೇಶ, ಬೇರೆ ಲ್ಯಾಬ್, ಅದೇ ಅಂಗ. ಪುರಾವೆ ಎಷ್ಟು ಗಟ್ಟಿ ಅಂತ ಗುರುತಿಸಲು ಅಮೆರಿಕದ ಸಾಲಿನ ಎದುರು 'ದುರ್ಬಲ' ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೆ. ಅದನ್ನು ಅಳಿಸಿ 'ಮಧ್ಯಮ, ಗಂಡು ಇಲಿಗೆ ಮಾತ್ರ' ಅಂತ ತಿದ್ದಿದೆ.