ರಿಪೋರ್ಟ್ ನಾರ್ಮಲ್, ಆದರೂ ಸುಸ್ತು ಬಿಡುತ್ತಿಲ್ಲ: ಥೈರಾಯ್ಡ್ ಇರುವವರು ಏನೇನು ನೋಡಿಕೊಳ್ಳಬೇಕು

ರಿಪೋರ್ಟಿನಲ್ಲಿ ಟಿಎಸ್‌ಎಚ್ 2.3 ಅಂತ ಇತ್ತು. ಡಾಕ್ಟರು ಅದನ್ನು ನೋಡಿ, “ಎಲ್ಲ ಸರಿ ಇದೆ, ಇದೇ ಡೋಸ್ ಮುಂದುವರಿಸಿ” ಅಂದರು. ಅವತ್ತು ನಾನು ಮೆಟ್ಟಿಲಿನ ಕಂಬಿ ಹಿಡಿದುಕೊಂಡೇ ಕೆಳಗೆ ಇಳಿದೆ. ಎಂಟು ಗಂಟೆ ನಿದ್ದೆ ಮಾಡಿ ಎದ್ದಿದ್ದರೂ ಕಣ್ಣು ಎಳೆಯುತ್ತಿತ್ತು, ಬಾಚಣಿಗೆ ತುಂಬ ಕೂದಲು, ಮನೆಯಲ್ಲಿ ಎಲ್ಲರೂ ಫ್ಯಾನ್ ಹಾಕಿಕೊಂಡು ಕೂತಿದ್ದರೆ ನನಗೆ ಮಾತ್ರ ಚಳಿ, ಓದಿದ ಸಾಲನ್ನೇ ಮೂರು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ನಿಮಗೂ ಹೀಗೆ ಆಗುತ್ತಿದ್ದರೆ ಮೊದಲು ಒಂದು ಮಾತು: ಇದು ನಿಮ್ಮ ಭ್ರಮೆ ಅಲ್ಲ. ಥೈರಾಯ್ಡ್ ಕುಂದಿದವರಿಗೆ ಕೊಡುವ ಹಾರ್ಮೋನ್ ಮಾತ್ರೆ ಲೆವೋಥೈರಾಕ್ಸಿನ್ ತೆಗೆದುಕೊಂಡು ಟಿಎಸ್‌ಎಚ್ ಸರಿಯಾದ ಮೇಲೂ ನೂರಕ್ಕೆ 5ರಿಂದ 10 ಜನರಿಗೆ ತೊಂದರೆ ಉಳಿದುಕೊಳ್ಳುತ್ತದೆ ಅಂತ ವೈದ್ಯರೇ ಒಪ್ಪುತ್ತಾರೆ.

ನಾರ್ಮಲ್ ಅಂದರೆ ಏನು ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಟಿಎಸ್‌ಎಚ್ ಥೈರಾಯ್ಡ್ ತಯಾರಿಸುವ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ “ಇನ್ನಷ್ಟು ಹಾರ್ಮೋನ್ ಬೇಕು” ಅಂತ ಥೈರಾಯ್ಡಿಗೆ ಕಳಿಸುವ ಸಂದೇಶ ಅದು. ಸಾಮಾನ್ಯವಾಗಿ 0.4ರಿಂದ 4ರ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಒಂಚೂರು ವ್ಯತ್ಯಾಸ ಇರುತ್ತದೆ. ಅಂದರೆ ಆ ಸಂಖ್ಯೆ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಮಾತ್ರೆ ಸಾಕಾಗುತ್ತಿದೆಯಾ? ನೀವು ಯಾಕೆ ಸುಸ್ತಾಗಿದ್ದೀರಿ ಅನ್ನುವುದು ಬೇರೆಯದೇ ಪ್ರಶ್ನೆ. ಎರಡನ್ನೂ ಒಂದೇ ಅಂದುಕೊಂಡು ನಾನು ಸುಮಾರು ಎರಡು ವರ್ಷ ಕಳೆದೆ, ಪ್ರತಿ ಸಲವೂ ಡೋಸ್ ಜಾಸ್ತಿ ಮಾಡಿ ಅಂತ ಕೇಳುವುದೇ ನನ್ನ ಕೆಲಸವಾಗಿತ್ತು. ನಾರ್ಮಲ್ ವ್ಯಾಪ್ತಿಯ ಒಳಗೇ ಡೋಸನ್ನು ಮೇಲೆ ಕೆಳಗೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಜನರಿಗೆ ಅಂಥ ದೊಡ್ಡ ವ್ಯತ್ಯಾಸ ಕಂಡಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಹಾಗಂತ ಮಾತ್ರೆಯನ್ನು ಮರೆತುಬಿಡಬೇಡಿ, ಹುಡುಕಾಟ ಶುರುವಾಗಬೇಕಾದದ್ದು ಅಲ್ಲಿಂದಲೇ. ಲೆವೋಥೈರಾಕ್ಸಿನ್ ತುಂಬ ಸೂಕ್ಷ್ಮದ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು, ತಿಂಡಿಗೂ ಕಾಫಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕಾಫಿ ಅಷ್ಟೇನು ಮಾಡುತ್ತದೆ ಅಂತ ಅನ್ನಿಸುತ್ತದೆ, ಆದರೆ ಮೈ ಮಾತ್ರೆಯನ್ನು ಹೀರಿಕೊಳ್ಳುವುದನ್ನು ಅದು ನಿಜಕ್ಕೂ ತಗ್ಗಿಸುತ್ತದೆ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಆಸಿಡಿಟಿಗೆ ದಿನಾ ಮಾತ್ರೆ ನುಂಗುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಬೆಳಿಗ್ಗೆ ಇದೆಲ್ಲ ಆಗದ ಮಾತು ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯಾದ ಮೇಲೆ, ಮಲಗುವ ಮುಂಚೆ ತೆಗೆದುಕೊಳ್ಳಬಹುದು, ಡಾಕ್ಟರನ್ನು ಕೇಳಿ ಬದಲಾಯಿಸಿ. ಮಾತ್ರೆಯನ್ನು ಬಿಸಿ, ತೇವ, ಬೆಳಕು ತಾಗದ ಕಡೆ ಇಡಿ. ಮತ್ತೆ ಸಾಧ್ಯವಾದಷ್ಟೂ ಒಂದೇ ಬ್ರ್ಯಾಂಡಿನಲ್ಲಿ ಇರಿ. ಬದಲಾಯಿಸಲೇಬೇಕಾಗಿ ಬಂದರೆ ಆರೆಂಟು ವಾರ ಕಳೆದ ಮೇಲೆ ಒಮ್ಮೆ ಟೆಸ್ಟ್ ಮಾಡಿಸಿ. ಈ ಔಷಧ ಮೈಯಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು ಒಂದು ವಾರ ಬೇಕು, ಆದ್ದರಿಂದ ಡೋಸ್ ಬದಲಾದ ಹತ್ತೇ ದಿನಕ್ಕೆ ಟೆಸ್ಟ್ ಮಾಡಿಸಿದರೆ ಏನೂ ತಿಳಿಯುವುದಿಲ್ಲ.

ಟೆಸ್ಟ್ ಮಾಡಿಸುವುದರಲ್ಲೂ ಒಂದು ಕ್ರಮ ಇದೆ. ಟಿಎಸ್‌ಎಚ್ ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ ಇರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಹೋದ ಸಲ ಬೆಳಿಗ್ಗೆ ಏಳಕ್ಕೆ, ಈ ಸಲ ಮಧ್ಯಾಹ್ನ ಮೂರಕ್ಕೆ ರಕ್ತ ಕೊಟ್ಟು ಎರಡನ್ನೂ ಹೋಲಿಸಬೇಡಿ. ಒಂದೇ ಲ್ಯಾಬ್, ಒಂದೇ ಹೊತ್ತು, ಅವತ್ತಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತೆಗೆದುಕೊಳ್ಳುತ್ತಿದ್ದೀರಾ? ಥೈರಾಯ್ಡಿನಿಂದ ಕೂದಲು ಉದುರುವವರು ಎಲ್ಲರೂ ಮಾಡುವುದೇ ಅದು. ಬಯೋಟಿನ್ ಥೈರಾಯ್ಡನ್ನು ಕೆಡಿಸುವುದಿಲ್ಲ, ಆದರೆ ಕೆಲವು ಲ್ಯಾಬ್ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ: ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಇರುವುದಕ್ಕಿಂತ ಜಾಸ್ತಿ ಅಂತ ತೋರಿಸಬಹುದು. ಅಂದರೆ ನಿಮ್ಮ “ನಾರ್ಮಲ್” ನಿಜವಾದ ನಾರ್ಮಲ್ ಆಗಿರದೇ ಇರಬಹುದು. ಟೆಸ್ಟಿಗೆ ಕಡಿಮೆ ಅಂದರೂ ಎರಡು ದಿನ ಮುಂಚೆ ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ಇನ್ನೂ ಮುಂಚೆ.

ಜೊತೆಗೆ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4 ಕೂಡ ನೋಡಿದ್ದಾರಾ ಅಂತ ಕೇಳಿ. ಅಪರೂಪಕ್ಕೆ ಪಿಟ್ಯುಟರಿಯಲ್ಲೇ ತೊಂದರೆ ಇದ್ದಾಗ ಟಿಎಸ್‌ಎಚ್ ಸರಿ ಇರುವಂತೆ ಕಂಡರೂ ಟಿ4 ಕಡಿಮೆ ಇರುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಚಿಕ್ಕ ನೋಟ್‌ಬುಕ್. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ, ಅಷ್ಟೇ. ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಸಲ ಎಚ್ಚರವಾಯಿತು, ಮಾತ್ರೆ ಎಷ್ಟು ಗಂಟೆಗೆ, ಸುಸ್ತಿಗೆ ಹತ್ತರಲ್ಲಿ ಎಷ್ಟು, ಮಲ ಸರಿಯಾಗಿ ಹೋಯಿತಾ, ಹೆಂಗಸರಾದರೆ ಮುಟ್ಟಿನ ದಿನ ಯಾವುದು. ದೊಡ್ಡ ದೊಡ್ಡ ವಾಕ್ಯ ಬೇಡ. ಆರು ವಾರ ಬರೆದು ಹಿಂದೆ ತಿರುಗಿ ನೋಡಿದಾಗ, ಎಲ್ಲ ದಿನವೂ ಒಂದೇ ಥರ ಕೆಟ್ಟದಾಗಿತ್ತು ಅಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಮುಟ್ಟಾಗಿ ಎರಡು ಮೂರು ದಿನಕ್ಕೆ ಸುಸ್ತು 8, 9ಕ್ಕೆ ಏರುತ್ತಿತ್ತು, ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಆ ಪುಟವನ್ನು ಡಾಕ್ಟರಿಗೆ ತೋರಿಸಿದ ಮೇಲೆಯೇ ಕಬ್ಬಿಣದ ಶೇಖರಣೆ ತಿಳಿಸುವ ಫೆರಿಟಿನ್ ಟೆಸ್ಟ್ ಮಾಡಿಸಿದ್ದು. ಹಿಮೋಗ್ಲೋಬಿನ್ ಸರಿ ಇತ್ತು, ಮೈಯಲ್ಲಿ ಶೇಖರವಾಗಿರಬೇಕಾದ ಕಬ್ಬಿಣ ಮಾತ್ರ ತಳ ಕಂಡಿತ್ತು.

ಥೈರಾಯ್ಡ್ ಇದೆ ಅಂತ ಗೊತ್ತಾದ ಮೇಲೆ ಮೈಯಲ್ಲಿ ಏನೇ ಆದರೂ ಅದರ ತಲೆಗೇ ಕಟ್ಟುತ್ತೇವೆ, ಅಲ್ವಾ? ಆದರೆ ಸುಸ್ತು, ಮಂಕು, ತೂಕ, ಕೂದಲು, ಮೈಕೈ ನೋವು, ಇವು ಹತ್ತಾರು ಕಾರಣಕ್ಕೆ ಬರುತ್ತವೆ. ಫೆರಿಟಿನ್, ಬಿ12, ವಿಟಮಿನ್ ಡಿ, ಸಕ್ಕರೆ, ಲಿವರ್, ಕಿಡ್ನಿ ಒಮ್ಮೆ ನೋಡಿಸಿ. ನಿಮ್ಮ ಥೈರಾಯ್ಡ್ ಕುಂದಿದ್ದಕ್ಕೆ ಹಾಶಿಮೋಟೋ ಕಾರಣವಾಗಿದ್ದರೆ ಇದು ಇನ್ನೂ ಮುಖ್ಯ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೋಟೋ ಮೊದಲು ವಿವರಿಸಿದ ಈ ಕಾಯಿಲೆಯಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿ ಬೀಳುತ್ತದೆ. ಅಂಥವರಲ್ಲಿ ಅದೇ ಜಾತಿಯ ಬೇರೆ ಕಾಯಿಲೆಗಳೂ ಜೊತೆಗೆ ಬರುವ ಸಂಭವ ಜಾಸ್ತಿ: ಹೊಟ್ಟೆಯಲ್ಲಿ ಬಿ12 ಹೀರಿಕೊಳ್ಳದಿರುವುದು, ಗೋಧಿಯ ಗ್ಲೂಟನ್ ಆಗದ ಸೀಲಿಯಾಕ್, ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯ ಆಡಿಸನ್ ಕಾಯಿಲೆ. ತೂಕ ಇಳಿಯುತ್ತಾ, ಎದ್ದು ನಿಂತರೆ ತಲೆ ಸುತ್ತುತ್ತಾ, ಚರ್ಮ ಕಪ್ಪಾಗುತ್ತಾ ಬಂದರೆ ಈ ಕೊನೆಯದರ ಬಗ್ಗೆ ಬೇಗ ಕೇಳಿ.

ನಿದ್ದೆಯನ್ನು ಜನ ತುಂಬ ಹಗುರವಾಗಿ ನೋಡುತ್ತಾರೆ. ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ನಿಂತಂತಾಗುತ್ತದಾ ಅಂತ ಪಕ್ಕದಲ್ಲಿ ಮಲಗುವವರನ್ನು ಕೇಳಿ. ಸ್ಲೀಪ್ ಆಪ್ನಿಯಾ ಇದ್ದರೆ ಹತ್ತು ಗಂಟೆ ಮಲಗಿದರೂ ಮಲಗಿದ ಹಾಗೆ ಆಗುವುದಿಲ್ಲ. ನಲವತ್ತು ದಾಟಿದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಲಕ್ಷಣಗಳೂ ಇವೇ. ಖಿನ್ನತೆಯೂ ಹೀಗೆಯೇ ಕಾಣುತ್ತದೆ, ಡಾಕ್ಟರು ಅದರ ಬಗ್ಗೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದೂ ಮೈಯ ಕಾಯಿಲೆಯಷ್ಟೇ ನಿಜ, ಅದಕ್ಕೂ ಔಷಧ ಇದೆ.

ಡಾಕ್ಟರ ಹತ್ತಿರ ಹೋದಾಗ “ತುಂಬಾ ಸುಸ್ತು” ಅಂದರೆ ಆ ಮಾತು ಗಾಳಿಯಲ್ಲಿ ಹೋಗುತ್ತದೆ. ಅದರ ಬದಲು “ಮೊದಲು ಎರಡು ಮಹಡಿ ಹತ್ತುತ್ತಿದ್ದೆ, ಈಗ ಒಂದಕ್ಕೇ ನಿಲ್ಲುತ್ತೇನೆ, ವಾರದಲ್ಲಿ ಮೂರು ದಿನ ಸಂಜೆ ಅಡುಗೆ ಮಾಡಲು ಆಗುತ್ತಿಲ್ಲ” ಅಂತ ಹೇಳಿ. ಮೂರು ಲಕ್ಷಣ ಸಾಕು, ಹದಿನೈದು ಬೇಡ. ಕೊನೆಗೆ ನೇರವಾಗಿ ಕೇಳಿ: “ಥೈರಾಯ್ಡ್ ಸರಿ ಇದೆ ಅಂದರೆ ಇದು ಬೇರೆ ಯಾವುದರಿಂದ ಇರಬಹುದು? ಮುಂದೆ ಏನು ನೋಡೋಣ?” ಕೇಳಿಸಿಕೊಳ್ಳದೇ ಕಳಿಸಿದರೆ ಇನ್ನೊಬ್ಬ ಡಾಕ್ಟರನ್ನು ಕಾಣುವುದರಲ್ಲಿ ತಪ್ಪೇನಿಲ್ಲ, ನಾನೂ ಹಾಗೆಯೇ ಮಾಡಿದೆ.

ಥೈರಾಯ್ಡಿನ ಇನ್ನೊಂದು ಹಾರ್ಮೋನ್ ಟಿ3 ಬಗ್ಗೆ ಎಲ್ಲರೂ ಕೇಳುತ್ತಾರೆ. ನಾವು ನುಂಗುವುದು ಟಿ4, ಮೈ ಅದನ್ನು ಬೇಕಾದಷ್ಟು ಟಿ3 ಆಗಿ ಬದಲಾಯಿಸಿಕೊಳ್ಳುತ್ತದೆ. ಕೆಲವರಲ್ಲಿ ಈ ಬದಲಾವಣೆ ಸಾಕಷ್ಟು ಆಗುವುದಿಲ್ಲವೇನೋ ಅನ್ನುವ ಯೋಚನೆ ಇದೆ. ಎರಡನ್ನೂ ಸೇರಿಸಿ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಹೆಚ್ಚಿನವು ಒಟ್ಟಾರೆ ಲಾಭ ತೋರಿಸಿಲ್ಲ, ಆದರೂ ಕೆಲವರು ಅದೇ ಚೆನ್ನ ಅಂದಿದ್ದಾರೆ. ಬೇರೆ ಕಾರಣ ಎಲ್ಲ ನೋಡಿ ಮುಗಿದ ಮೇಲೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ನಿಗಾದಲ್ಲಿ ಕೆಲವು ತಿಂಗಳು ಪ್ರಯತ್ನಿಸಬಹುದು. ಸ್ವಂತಕ್ಕೆ ಮಾತ್ರ ಬೇಡವೇ ಬೇಡ, ಡೋಸ್ ಏರಿಸುವುದೂ ಬೇಡ. ಹಾರ್ಮೋನ್ ಜಾಸ್ತಿಯಾದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. “ಥೈರಾಯ್ಡ್ ಸಪೋರ್ಟ್” ಅಂತ ಮಾರುವ ಅಯೋಡಿನ್ ಮತ್ತು ಕಡಲ ಪಾಚಿಯ ಮಾತ್ರೆಗಳ ತಂಟೆಗೂ ಹೋಗಬೇಡಿ, ಹಾಶಿಮೋಟೋ ಇರುವವರಲ್ಲಿ ಅಯೋಡಿನ್ ಅತಿಯಾದರೆ ಥೈರಾಯ್ಡ್ ಇನ್ನೂ ಕುಂದಬಹುದು.

ಇಷ್ಟೆಲ್ಲ ಹುಡುಕುವಾಗಲೂ ದಿನ ಕಳೆಯಬೇಕಲ್ಲ. ಚೆನ್ನಾಗಿರುವ ದಿನ ವಾರದ ಕೆಲಸವನ್ನೆಲ್ಲ ಮುಗಿಸಿಬಿಡೋಣ ಅಂತ ಬೀಳುತ್ತೇವೆ, ಮರುದಿನ ಏಳಲು ಆಗುವುದಿಲ್ಲ. ಅರ್ಧ ಶಕ್ತಿ ಉಳಿದಿರುವಾಗಲೇ ನಿಲ್ಲಿಸಿ, ಅದು ಅಭ್ಯಾಸವಾಗಲು ತಿಂಗಳುಗಳೇ ಬೇಕು. ತಲೆ ಓಡಿಸುವ ಕೆಲಸ ನಿಮಗೆ ಚುರುಕಾಗಿರುವ ಹೊತ್ತಿಗೆ, ನನಗೆ ಅದು ಬೆಳಿಗ್ಗೆ ಹತ್ತರಿಂದ ಹನ್ನೆರಡು, ಬಟ್ಟೆ ಮಡಚುವಂಥದ್ದು ಮಧ್ಯಾಹ್ನಕ್ಕೆ. ನಡಿಗೆ ಹತ್ತು ನಿಮಿಷದಿಂದ ಶುರುವಾಗಲಿ, ಮರುದಿನ ಸುಸ್ತು ಏರದಿದ್ದರೆ ಮುಂದಿನ ವಾರ ಹನ್ನೆರಡು. ಮನೆಯವರಿಗೆ “ಹುಷಾರಿಲ್ಲ” ಅನ್ನುವುದಕ್ಕಿಂತ “ಇವತ್ತು ಪಾತ್ರೆ ನೀನು ತೊಳಿ” ಅನ್ನುವುದು ಬೇಗ ಅರ್ಥವಾಗುತ್ತದೆ.

ಎದೆನೋವು, ಉಸಿರಾಟದ ಕಷ್ಟ, ನಿಲ್ಲದ ಎದೆ ಢವಢವ, ಕುತ್ತಿಗೆಯಲ್ಲಿ ಹೊಸ ಗಂಟು, ನುಂಗಲು ತೊಂದರೆ, ಬದುಕೇ ಬೇಡ ಅನ್ನುವ ಯೋಚನೆ, ಇವು ಬಂದರೆ ಡೈರಿ ಬರೆಯುತ್ತಾ ಕೂರಬೇಡಿ, ಅವತ್ತೇ ಡಾಕ್ಟರನ್ನು ಕಾಣಿ. ಬಸಿರಾಗಿದ್ದೀರಿ ಅಂತ ಗೊತ್ತಾದರೂ ತಡಮಾಡಬೇಡಿ, ಆಗ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕಾಗುತ್ತದೆ.

ನನಗೆ ಕಬ್ಬಿಣದ ಮಾತ್ರೆ ಶುರುವಾದ ಮೂರನೇ ತಿಂಗಳಿಗೆ ಮೆಟ್ಟಿಲು ಸುಲಭವಾಯಿತು. ಕೂದಲಿಗೆ ಇನ್ನೂ ಜಾಸ್ತಿ ದಿನ ಹಿಡಿಯಿತು, ಮಂಕು ಪೂರ್ತಿ ಹೋಗಿಲ್ಲ. ಈ ವಾರ ನೋಟ್‌ಬುಕ್ಕಿನಲ್ಲಿ ಸುಸ್ತಿಗೆ 4, 3, 4, 7, 4 ಅಂತ ಇದೆ. ಆ 7ರ ಪಕ್ಕದಲ್ಲಿ “ಹಿಂದಿನ ರಾತ್ರಿ ಒಂದು ಗಂಟೆಗೆ ಮಲಗಿದ್ದು” ಅಂತ ಬರೆದಿದ್ದೇನೆ.